ಸೌದೆ ಕೋಣೆಯ ಅತ್ತಿಗೆ

ಊರಿನವರೆಲ್ಲ ನನ್ನ ಅತ್ತಿಗೆಯನ್ನು ಕೀಲಿಯಕ್ಕ ಅಂತ ಕರೆಯುತ್ತಾರೆ. ಅವರ ಸೊಂಟದ ಗೊಂಚಲಿನಲ್ಲಿ ಹನ್ನೊಂದು ಕೀಲಿಗಳಿದ್ದವು. ಅವರು ನೋಡಿಕೊಳ್ಳುತ್ತಿದ್ದ ಮನೆಯಲ್ಲಿ ಬೀಗಗಳಿದ್ದದ್ದು ಏಳು. ಉಳಿದ ನಾಲ್ಕು ಯಾತಕ್ಕೆ ಅಂತ ಕೇಳಿದರೆ, "ಸದ್ದಿಗೆ" ಅನ್ನುವರು. "ನಾನು ಬರ್ತಿದೀನಿ ಅಂತ ಇಲಿಗೂ ಗೊತ್ತಾಗ್ಲಿ, ಕಳ್ಳನಿಗೂ ಗೊತ್ತಾಗ್ಲಿ. ಎದುರಾಬದುರಾದ್ರೆ ಇಬ್ಬರಿಗೂ ಮುಜುಗರ."

ಅತ್ತಿಗೆ ಅಂದರೆ ನನ್ನ ಗಂಡನ ಅಕ್ಕ. ಆ ಮನೆ ಅಂದರೆ ಬರೆಯೋರ ಮನೆ. ಪುಸ್ತಕ ಬರೆದು ಹೆಸರು ಮಾಡಿದವರು. ಹೊರಗಿನವರಿಗೆ ಅವರು ದೊಡ್ಡ ಹೆಸರಿನವರು. ನಮಗೆ ಪಕ್ಕದ ಬೀದಿಯಲ್ಲಿ ಗಡಿಯಾರ ರಿಪೇರಿಯವರು ಇದ್ದ ಹಾಗೆ ಇಲ್ಲಿ ಬರೆಯೋರು, ಅಷ್ಟೇ. ಮನೆ ಊರ ಕೊನೆಯಲ್ಲಿದೆ, ಹಂಚಿನ ಮಾಡು, ಪಕ್ಕಕ್ಕೆ ಬಾವಿ. ಮುಂದಿನ ಕೋಣೆ, ನಡುಮನೆ, ಅಡುಗೆಮನೆ, ಬಚ್ಚಲು, ಹಿಂದೆ ಒಂದು ಚಿಕ್ಕ ಕೋಣೆ, ಮೇಲೊಂದು ಅಟ್ಟ. ಈಗ ಗೇಟಿನ ಹತ್ತಿರ ಕಲ್ಲಿನ ಫಲಕ ನಿಲ್ಲಿಸಿದ್ದಾರೆ. ಬರೆಯೋರು ಹುಟ್ಟಿದ್ದು, ಬರೆದದ್ದು, ತೀರಿಕೊಂಡದ್ದು ಎಲ್ಲ ಅದರಲ್ಲಿದೆ. ಉದ್ಘಾಟನೆಗೆ ಬಂದವರ ಹೆಸರು ಅದಕ್ಕಿಂತ ದಪ್ಪ ಅಕ್ಷರದಲ್ಲಿದೆ. ಐವತ್ತೆರಡು ವರ್ಷ ಅಲ್ಲೇ ಇದ್ದ ಅತ್ತಿಗೆಯ ಹೆಸರಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಅಕ್ಷರ ಕಲಿತದ್ದು ತಡವಾಗಿ, ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ನಡೆದದ್ದರಲ್ಲಿ ತಪ್ಪಿಲ್ಲ.

ನಾನು ಇದೇ ಊರಲ್ಲಿ ಹುಟ್ಟಿ ಇದೇ ಊರಿಗೆ ಸೊಸೆಯಾದವಳು. ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಬಂದೆ, ನನ್ನ ಪ್ರಯಾಣ ಅಷ್ಟೇ. ನನ್ನಮ್ಮ ಬರೆಯೋರ ಮನೆಯ ಕಸ ಗುಡಿಸುತ್ತಿದ್ದಳು. ಅವಳಿಗೆ ಮೊಣಕಾಲು ಹಿಡಿದುಕೊಂಡಾಗ ಅವಳ ಬದಲಿಗೆ ನಾನು ಹೋಗತೊಡಗಿದೆ. ಆಗ ನನಗೆ ಹದಿನಾಲ್ಕು. ಬರೆಯೋರು ಆ ದೊಡ್ಡ ಪುಸ್ತಕ ಬರೆದದ್ದು ಅದೇ ವರ್ಷವಂತೆ. ದೊಡ್ಡದೋ ಚಿಕ್ಕದೋ ನನಗೇನು ಗೊತ್ತು? ಆ ವರ್ಷ ಕಸ ಜಾಸ್ತಿ ಇತ್ತು. ಹರಿದ ಕಾಗದವೇ ದಿನಕ್ಕೊಂದು ಬುಟ್ಟಿ.

ನನ್ನ ಮದುವೆಯಾಗಿ ವರ್ಷಕ್ಕೆ ಅತ್ತಿಗೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ, ಅಂದರೆ ನಮ್ಮ ಮನೆಗೆ ಬಂದರು. ಇಪ್ಪತ್ತೇಳು ವರ್ಷ, ಮಕ್ಕಳಿಲ್ಲ, ಕೈಯಲ್ಲೊಂದು ಟ್ರಂಕು. ನಮ್ಮದು ಒಂದೇ ಕೋಣೆ, ಒಂದೇ ಒಲೆ. ನಾನು ಒಲೆ ಹಚ್ಚಿದರೆ ಉರಿ ಜಾಸ್ತಿಯಾಯಿತು ಅಂತ ಅವರು ಸೌದೆ ಹಿಂದಕ್ಕೆಳೆಯುವರು. ಅವರು ಹಚ್ಚಿದರೆ ನಾನು ಮುಂದಕ್ಕೆ ತಳ್ಳುವೆ. ಬಾಯಿಬಿಟ್ಟು ಜಗಳವಾಡಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಸೌದೆಯಲ್ಲೇ ಹತ್ತು ತಿಂಗಳು ಆಡಿದೆವು. ನನ್ನ ಗಂಡ ಗಾರೆ ಕೆಲಸದವರು, ಮಾತು ಕಡಿಮೆ. ಊಟಕ್ಕೆ ಕೂತಾಗ ಇವತ್ತು ಯಾರ ಕೈ ಅಡುಗೆ ಅಂತ ಒಂದು ದಿನವೂ ಕೇಳಲಿಲ್ಲ. ಆ ಮಟ್ಟಿಗೆ ಜಾಣರು.

ಆಗ ಬರೆಯೋರ ಹೆಂಡತಿ ತೀರಿಕೊಂಡರು. ಅಡುಗೆಗೆ ಜನ ಬೇಕಾಯಿತು. ನಾನೇ ಹೋಗಿ ಅತ್ತಿಗೆಗೆ ಕೆಲಸ ಕೇಳಿದೆ. ಒಳ್ಳೆಯ ಮನಸ್ಸಿನಿಂದ ಕೇಳಿದೆ ಅಂತ ಬರೆದರೆ ಅರ್ಧ ಸುಳ್ಳು. ನನಗೆ ನನ್ನ ಒಲೆ ಬೇಕಿತ್ತು. ಹಿಂದಿನ ಚಿಕ್ಕ ಕೋಣೆಯಲ್ಲಿ ಅವರು ಇರಬಹುದು ಅಂತಾಯಿತು. ಅದರಲ್ಲಿ ತುಂಬಿದ್ದ ಸೌದೆಯನ್ನು ಎರಡು ದಿನ ಹೊತ್ತು ಹೊರಗೆ ಹಾಕಿದವಳು ನಾನೇ. ನನ್ನ ಗಂಡ ಆ ಸೌದೆಗೆಂದು ಬಾವಿಯ ಪಕ್ಕ ಶೆಡ್ಡು ಕಟ್ಟಿದರು, ಕೋಣೆಯ ನೆಲ ಸರಿಮಾಡಿದರು, ಗೋಡೆ ಒಡೆದು ಬಾವಿಯ ಕಡೆಗೊಂದು ಕಿಟಕಿ ಇಟ್ಟರು. ಉದ್ದ ಒಂಬತ್ತು ಅಡಿ, ಅಗಲ ಏಳು. ಅತ್ತಿಗೆ ಟ್ರಂಕು ಇಳಿಸಿ ಸುತ್ತ ನೋಡಿದರು.

"ಸಾಕು," ಅಂದರು. "ಕಾಲು ಚಾಚಿದ್ರೆ ಗೋಡೆ ಸಿಗುತ್ತೆ. ಯಾರೋ ಇದಾರೆ ಅನ್ಸುತ್ತೆ."

ಬರೆಯೋರ ಜೊತೆ ಮೂವತ್ತಾರು ವರ್ಷ ಕಳೆದರು. ಬೆಳಗಿನ ಟೀ ಕೊಡುವಾಗ ಅವರನ್ನು ಮಾತಾಡಿಸಬಾರದು. ಮಧ್ಯಾಹ್ನ ಊಟಕ್ಕೆ ಮೂರು ಸಲ ಕರೆಯಬೇಕು, ಮೂರನೆಯದಕ್ಕೆ ಬೈಸಿಕೊಳ್ಳಬೇಕು. ಅತ್ತಿಗೆಗೆ ಓದು ಬಾರದು. ಆದರೆ ಮನೆತುಂಬ ಇದ್ದ ಪುಸ್ತಕಗಳಿಗೆ ಗತಿ ಅವರೇ. ವರ್ಷಕ್ಕೊಮ್ಮೆ ಎಲ್ಲವನ್ನೂ ಅಂಗಳದಲ್ಲಿ ಬಿಸಿಲಿಗೆ ಹರಡಿ, ಒಂದೊಂದನ್ನೇ ಒರೆಸಿ, ಎತ್ತರದ ಪ್ರಕಾರ ಮತ್ತೆ ಜೋಡಿಸುವರು. ಮೊದಲನೆಯ ಸಲ ಬರೆಯೋರು ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ಅವರೇ ಒಗ್ಗಿಕೊಂಡರು. ಯಾರಾದರೂ ಒಂದು ಪುಸ್ತಕ ಕೇಳಿದರೆ, "ಅದು ಗೇಣುದ್ದದ್ದು, ಮೇಲಿನ ಸಾಲಲ್ಲಿ ನೋಡಿ" ಅಂತ ಬರೆಯೋರೇ ಅನ್ನುತ್ತಿದ್ದದ್ದನ್ನು ನಾನು ಕೇಳಿದ್ದೇನೆ.

ಕೊನೆಯ ಕಾಲದಲ್ಲಿ ಹಾಸಿಗೆ ಹಿಡಿದಾಗ ಅವರು ಅತ್ತಿಗೆಗೆ, "ನೀನಿರೋವರೆಗೆ ಆ ಕೋಣೆ ನಿಂದೇ" ಅಂತ ನನ್ನೆದುರಿಗೇ ಎರಡು ಸಲ ಹೇಳಿದರು. ಬಾಯಲ್ಲಿ ಹೇಳಿದರು. ಅಷ್ಟೊಂದು ಬರೆದವರು ಆ ಒಂದು ಸಾಲು ಬರೆದಿಡಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ, ಸಂಬಂಧಿಕರು ಮನೆಯನ್ನು ಸರ್ಕಾರಕ್ಕೆ ಒಪ್ಪಿಸಿ ಕೈತೊಳೆದುಕೊಂಡರು. ಸರ್ಕಾರ ಹದಿನಾರು ವರ್ಷ ಆ ಕಡೆ ತಲೆ ಹಾಕಲಿಲ್ಲ. ಅತ್ತಿಗೆ ಹಿಂದಿನ ಕೋಣೆಯಲ್ಲೇ ಇದ್ದುಕೊಂಡು ಮನೆ ಕಾದರು. ಯಾರಾದರೂ ನೋಡಲು ಬಂದರೆ ಬಾಗಿಲು ತೆಗೆದು ತೋರಿಸುವರು.

"ಅವರು ಎಲ್ಲಿ ಕೂತು ಬರೀತಿದ್ರು?" ಅಂತ ಬಂದವರೆಲ್ಲ ಕೇಳುವರು.

"ಎಲ್ಲಿ ಸೊಳ್ಳೆ ಕಡಿಮೆಯೋ ಅಲ್ಲಿ," ಅನ್ನುವರು ಅತ್ತಿಗೆ. ಅದನ್ನೂ ಜನ ಬರೆದುಕೊಂಡು ಹೋಗುತ್ತಿದ್ದರು.

ಹದಿನೇಳನೆಯ ವರ್ಷ ಟೇಪಿನ ಮೇಡಂ ಬಂದರು. ಇಲಾಖೆಯವರು, ಮೂವತ್ತೈದರ ಒಳಗಿನ ವಯಸ್ಸು, ಕೈಯಲ್ಲಿ ಸದಾ ಅಳತೆಯ ಟೇಪು. ಮನೆಯನ್ನು ಸ್ಮಾರಕ ಮಾಡುತ್ತಾರೆ, ದೊಡ್ಡ ಪುಸ್ತಕ ಬರೆದ ವರ್ಷ ಹೇಗಿತ್ತೋ ಹಾಗೇ ಮಾಡುತ್ತಾರೆ ಅಂದರು. ಆ ವರ್ಷ ಆ ಮನೆಯ ಒಳಗೆ ಓಡಾಡಿದವರು ಯಾರಿದ್ದೀರಿ ಅಂತ ಊರಲ್ಲಿ ಕೇಳಿದರು. ಅತ್ತಿಗೆ ಬಂದದ್ದು ಅದಾದ ಆರು ವರ್ಷಕ್ಕೆ, ಅವರು ಲೆಕ್ಕಕ್ಕಿಲ್ಲ. ಉಳಿದವರು ಇಬ್ಬರೇ. ಹಳೆಯ ಪೋಸ್ಟ್‌ಮ್ಯಾನ್ ಅಜ್ಜ ಮತ್ತು ನಾನು.

ಮುಂದಿನ ಕೋಣೆಯ ಗೋಡೆ ತೋರಿಸಿ ಪೋಸ್ಟಜ್ಜ, "ಇಲ್ಲೊಂದು ದೊಡ್ಡ ಗಡಿಯಾರ ಇತ್ತು" ಅಂದರು.

"ಗಡಿಯಾರ ಬಂದಿದ್ದು ನನ್ನ ದೊಡ್ಡ ಮಗ ಹುಟ್ಟಿದ ವರ್ಷ," ಅಂದೆ ನಾನು. "ಆಗ ಇಲ್ಲಿ ನಾಲ್ಕು ಮೊಳೆ ಇತ್ತು. ಒಂದಕ್ಕೆ ಕ್ಯಾಲೆಂಡರ್, ಒಂದಕ್ಕೆ ಛತ್ರಿ, ಒಂದಕ್ಕೆ ಕೈಚೀಲ. ನಾಲ್ಕನೇದಕ್ಕೆ ಏನೂ ಇಲ್ಲ, ಅದು ಸಡಿಲ."

ಮೇಡಂ ಗೋಡೆ ಕೆರೆಸಿದರು. ಸುಣ್ಣದ ಪದರ ಒಂದೊಂದೇ ಉದುರಿ ಕೆಳಗಿನ ಗಾರೆ ಕಂಡಿತು. ನಾಲ್ಕು ತೂತುಗಳಿದ್ದವು. ನಾಲ್ಕನೆಯದು ಮಾತ್ರ ಅಗಲ. ಮೇಡಂ ಅದರಲ್ಲಿ ಬೆರಳು ಹಾಕಿ ನೋಡಿ ನನ್ನ ಕಡೆ ತಿರುಗಿದರು.

"ಅಜ್ಜಿ, ನೀವು ಮನುಷ್ಯರಾ ಕ್ಯಾಮರಾನಾ?"

ಪೋಸ್ಟಜ್ಜ ಆಮೇಲೆ ಬರಲಿಲ್ಲ. ನಾನು ಒಂಬತ್ತು ದಿನ ಹೋದೆ. ಜೀವಮಾನದಲ್ಲಿ ನನ್ನ ಮಾತನ್ನು ಯಾರೂ ಹಾಗೆ ಕೂತು ಬರೆದುಕೊಂಡಿರಲಿಲ್ಲ. ನನಗೆ ಕುರ್ಚಿ ಹಾಕುವರು. ನಾನು ಕಣ್ಣು ಮುಚ್ಚಿ ಆ ವರ್ಷಕ್ಕೆ ಹೋಗಿ ನಿಲ್ಲುವೆ. ಪೊರಕೆ ಎಲ್ಲೆಲ್ಲಿ ತಡೆಯುತ್ತಿತ್ತೋ ಅಲ್ಲಲ್ಲಿ ಒಂದೊಂದು ಸಾಮಾನು. ಗುಡಿಸಿದವಳಿಗೆ ಮನೆ ನೆಲದಿಂದ ಗೊತ್ತಿರುತ್ತದೆ. ಮೆಟ್ಟಿಲ ಕೆಳಗೆ ಕೋಳಿ ಬುಟ್ಟಿ. ಜಗುಲಿಯಲ್ಲಿ ಬೆಂಚು, ಅದರ ಒಂದು ಕಾಲಿಗೆ ಇಟ್ಟಿಗೆ ಚೂರು. ಅಟ್ಟದಲ್ಲಿ ಹಳೇ ಪೇಪರು, ತೊಲೆಯವರೆಗೆ. ಬಚ್ಚಲಲ್ಲಿ ಹಂಡೆ ಬಿಟ್ಟರೆ ಬೇರೇನೂ ಇಲ್ಲ, ನೆಲ ಯಾವಾಗಲೂ ಒದ್ದೆ. ಆರನೆಯ ದಿನ ಬಾವಿಯ ಪಕ್ಕದ ಶೆಡ್ಡು ಕೇಳಿದರು. "ಅದು ನನ್ನ ಗಂಡ ಕಟ್ಟಿದ್ದು, ಆಮೇಲಿಂದು" ಅಂದೆ. ಮರುದಿನ ಅದನ್ನು ಕೆಡವಿದರು. ತೀರಿಕೊಂಡ ನನ್ನ ಗಂಡನ ಕೈಯ ಇಟ್ಟಿಗೆಗಳು ಬೀಳುವುದನ್ನು ನಿಂತು ನೋಡಿದೆ. ಸಂಕಟವಾಯಿತು. ಆದರೂ ಇದ್ದದ್ದು ಇದ್ದ ಹಾಗೆ ಹೇಳಿದೆ ಅನ್ನುವ ಜಂಬ ಅದಕ್ಕಿಂತ ದೊಡ್ಡದಾಗಿತ್ತು.

ಆ ದಿನಗಳಲ್ಲಿ ಅತ್ತಿಗೆ ಏನು ಮಾಡುತ್ತಿದ್ದರು ಅಂತ ಈಗ ನೆನಪಿಸಿಕೊಳ್ಳುತ್ತೇನೆ. ಆಮೇಲೆ ಬಂದದ್ದೆಲ್ಲ ಹೊರಗೆ ಹೋಗಬೇಕಿತ್ತಲ್ಲ. ಅವರೇ ಹೊಲಿದ ಪರದೆ, ಗಡಿಯಾರ, ಬರೆಯೋರು ಮೂವತ್ತು ವರ್ಷ ಕೂತು ತೂಕಡಿಸಿದ ಆರಾಮ ಕುರ್ಚಿ. ಒಂದೊಂದನ್ನೂ ಅತ್ತಿಗೆ ಒರೆಸಿ ಲಾರಿಗೆ ಕೊಡುತ್ತಿದ್ದರು.

"ಅಲ್ಲ, ಕುರ್ಚಿ ಒಯ್ದರೆ ಆ ಮನುಷ್ಯ ಎಲ್ಲಿ ಕೂರ್ತಿದ್ರು?" ಅಂತ ನನ್ನನ್ನು ಕೇಳಿದರು.

"ಆಗ ಬೆಂಚಿತ್ತು ಅತ್ತಿಗೆ."

"ನಿನ್ನೆ ನಿನ್ನ ಕನ್ನಡಕ ಎಲ್ಲಿಟ್ಟೆ ಅಂತ ನಿಂಗೊತ್ತಿಲ್ಲ. ಆ ಕಾಲದ ಬೆಂಚು ಮಾತ್ರ ಬಾಯಲ್ಲೇ ಇದೆ," ಅಂದು ನಕ್ಕರು. ನಾನೂ ನಕ್ಕೆ.

ಒಂಬತ್ತನೆಯ ದಿನ ಉಳಿದದ್ದು ಹಿಂದಿನ ಕೋಣೆ. ಮೇಡಂ ಟೇಪು ಹಿಡಿದು ಉದ್ದ ಅಗಲ ಅಳೆದರು.

"ಇದು ಏನಾಗಿತ್ತು ಅಜ್ಜಿ?"

"ಸೌದೆ ಕೋಣೆ," ಅಂದೆ, ಒಂದು ಉಸಿರೂ ತಡ ಮಾಡದೆ. "ಈ ಗೋಡೆಗೆ ಒಡೆದ ಸೌದೆ, ಬಾಗಿಲಿನ ಎರಡನೇ ತಿರುಗಣಿ ಎತ್ತರಕ್ಕೆ. ಆ ಮೂಲೆಗೆ ಇದ್ದಿಲಿನ ಚೀಲ. ಬಾಗಿಲ ಹಿಂದೆ ಕೊಡಲಿ. ಕಿಟಕಿ ಇರಲಿಲ್ಲ, ಅದು ಆಮೇಲಿಂದು."

ಮೇಡಂ ಬರೆಯುತ್ತಿದ್ದವರು ನಿಲ್ಲಿಸಿ ಮಂಚದ ಕಡೆ ನೋಡಿದರು. ಆಗ ನಾನೂ ನೋಡಿದೆ. ಅತ್ತಿಗೆ ಮಂಚದ ಪಕ್ಕ ಸ್ಟವ್ ಎದುರು ಕೂತು ನಮಗೆಲ್ಲ ಟೀ ಸೋಸುತ್ತಿದ್ದರು. ಎರಡು ಲೋಟ ತುಂಬಿದ್ದವು, ಮೂರನೆಯದಕ್ಕೆ ಕೈ ನಿಂತಿತ್ತು.

"ಹೌದು ಮೇಡಂ, ಸೌದೆ ಇತ್ತಂತೆ," ಅಂದರು ಅತ್ತಿಗೆ. "ಇವಳೇ ಹೊರಗೆ ಹಾಕಿದ್ದು. ಟೀ ತಗೊಳ್ಳಿ, ಆರುತ್ತೆ."

ಎರಡು ತಿಂಗಳ ಮೇಲೆ ಕಾಗದ ಬಂತು. ಅತ್ತಿಗೆ ಅದನ್ನು ನನ್ನ ಹತ್ತಿರ ತಂದರು. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು, ಕಾಲು ಗಂಟೆ ಹಿಡಿಯಿತು.

"ಅಷ್ಟೊತ್ತು ಓದೋಕೆ ಏನಿದೆ ಅದರಲ್ಲಿ?"

"ಒಂದೇ ಮಾತು ಅತ್ತಿಗೆ. ಮೂವತ್ತು ದಿನದಲ್ಲಿ ಕೋಣೆ ಖಾಲಿ ಮಾಡಬೇಕಂತೆ. ಬೇಕಾದ್ರೆ ದಿನಾ ಬಂದು ಕಸ ಗುಡಿಸೋ ಕೆಲಸ ಕೊಡ್ತಾರಂತೆ."

ಅತ್ತಿಗೆ ಕಾಗದ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿದರು. "ಎಂಬತ್ತು ವರ್ಷಕ್ಕೆ ಹೊಸ ಕೆಲಸ. ನನ್ನ ಅದೃಷ್ಟ ನೋಡು," ಅಂದು ಎದ್ದು ಹೋದರು.

ಮರುದಿನ ನಾನು ಬಸ್ಸು ಹತ್ತಿದೆ. ಇಲಾಖೆಯ ಆಫೀಸಿಗೆ ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ಹೇಳಬೇಕಾದ ಸುಳ್ಳನ್ನು ಬಾಯಿಪಾಠ ಮಾಡಿಕೊಂಡೆ. ಮೇಡಂ ಎದ್ದು ಕುರ್ಚಿ ಕೊಟ್ಟರು.

"ಮೇಡಂ, ನಾನು ತಪ್ಪು ಹೇಳ್ಬಿಟ್ಟೆ. ಆ ವರ್ಷಾನೂ ಹಿಂದಿನ ಕೋಣೇಲಿ ಜನ ಇದ್ರು. ಕೆಲಸದವಳು ಒಬ್ಳು."

"ಯಾರು?"

"ಇದ್ಳು ಒಬ್ಳು. ಈಗಿಲ್ಲ."

ಮೇಡಂ ಪೆನ್ನು ಕೆಳಗಿಟ್ಟು ಎದ್ದರು. ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತು, ಮೆಲ್ಲಗೆ ಮಾತಾಡಿದರು.

"ನಾನೂ ಬರೆದಿದ್ದೆ ಅಜ್ಜಿ, ಅವರನ್ನ ಅಲ್ಲೇ ಬಿಡಿ ಅಂತ. ಸ್ಮಾರಕದಲ್ಲಿ ವಾಸ ಇರೋ ಹಾಗಿಲ್ಲ ಅಂದ್ರು ಮೇಲಿನವರು. ಆ ಕೋಣೆ ಆಗಲೂ ಆಳಿನ ಕೋಣೆನೇ ಆಗಿತ್ತು ಅಂತಿದ್ರೆ ಅದನ್ನೇ ಹಿಡ್ಕೊಂಡು ಕೇಳಬಹುದಿತ್ತು. ಈಗಲೂ ಕೇಳ್ತೀನಿ. ಆದ್ರೆ ನನ್ನನ್ನ ಅವರು ಮೊದಲು ಕೇಳೋದು ಒಂದೇ ಮಾತು. ಹಾಗಾದ್ರೆ ಸೌದೆ ಎಲ್ಲಿತ್ತು?"

ಇದನ್ನು ನಾನು ಯೋಚಿಸಿರಲಿಲ್ಲ. ಅಲ್ಲೇ ಕೂತು, ತಲೆಯಲ್ಲೇ ಒಂದು ಹೊರೆ ಸೌದೆ ಹೊತ್ತುಕೊಂಡು ಮನೆಯೆಲ್ಲ ತಿರುಗಿದೆ. ಮೆಟ್ಟಿಲ ಕೆಳಗೆ ಹೋದೆ, ಕೋಳಿ ಬುಟ್ಟಿ. ಅಟ್ಟ ಹತ್ತಿದೆ, ತೊಲೆಯವರೆಗೆ ಪೇಪರು. ಬಚ್ಚಲಿಗೆ ಬಂದೆ, ಒದ್ದೆ ನೆಲ, ಅಲ್ಲಿ ಸೌದೆ ಯಾರಿಡುತ್ತಾರೆ? ಜಗುಲಿಯಲ್ಲಿ ಬೆಂಚು. ಅಡುಗೆಮನೆಯಲ್ಲಿ ಒಲೆ, ಒರಳು, ಅಕ್ಕಿಯ ಡಬ್ಬ. ಶೆಡ್ಡನ್ನು ನನ್ನ ಮಾತಿನ ಮೇಲೆ ಕೆಡವಿಸಿಯಾಗಿತ್ತು. ಒಂಬತ್ತು ದಿನ ಕೂತು ಮನೆಯ ಮೂಲೆ ಮೂಲೆಯನ್ನೂ ನಾನೇ ತುಂಬಿಸಿ ಕೊಟ್ಟಿದ್ದೆ. ಒಂದು ಹೊರೆ ಇಳಿಸಲು ಜಾಗ ಬಿಟ್ಟಿರಲಿಲ್ಲ.

"ಅಂಗಳದಲ್ಲಿ," ಅಂದೆ ಕೊನೆಗೆ.

"ಮಳೆ ಬಂದ್ರೆ?"

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಮೇಡಂ ನನಗೆ ನೀರು ತರಿಸಿದರು. ಆಮೇಲೆ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ನಾನು ಬರುವ ಹೊತ್ತಿಗೆ ಅತ್ತಿಗೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು.

"ಎಲ್ಲಿಗೆ ಹೋಗಿದ್ದೆ?"

"ಆಫೀಸಿಗೆ."

"ಏನಂದೆ?"

"ಸುಳ್ಳು ಹೇಳ್ದೆ."

"ನಂಬಿದ್ರಾ?"

"ಇಲ್ಲ."

"ಇನ್ನೇನು ಮತ್ತೆ, ಅಭ್ಯಾಸ ಇರಬೇಕಲ್ಲ! ನನ್ನ ಕರ್ಕೊಂಡು ಹೋಗಬಾರದಿತ್ತಾ? ಏನು ಕೇಳಿದ್ರು?"

"ಸೌದೆ ಎಲ್ಲಿತ್ತು ಅಂತ."

"ಅಟ್ಟದ ಮೇಲೆ ಅನ್ನೋದಪ್ಪ."

"ಅಟ್ಟದಲ್ಲಿ ಪೇಪರ್ ಇತ್ತಲ್ಲ ಅತ್ತಿಗೆ."

"ಪೇಪರ್ ಮೇಲೆ ಸೌದೆ ಇತ್ತು ಅನ್ನೋದು! ಅಯ್ಯೋ ನಿನ್ನ!" ಅಂದು ಹಣೆ ಬಡಿದುಕೊಂಡರು. ನಗುತ್ತಿದ್ದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಇಪ್ಪತ್ತೆಂಟನೆಯ ದಿನ ಅವರು ಕೋಣೆ ಬಿಟ್ಟರು. ನನ್ನ ಮಗ ತಳ್ಳುಗಾಡಿ ತಂದಿದ್ದ, ಅರ್ಧ ಗಾಡಿಯೂ ತುಂಬಲಿಲ್ಲ. ಮಂಚ, ಸ್ಟವ್, ಟ್ರಂಕು, ಎರಡು ಕೊಡ. ಹೊಸ ವಾಚ್‌ಮನ್‌ಗೆ ಕೀಲಿ ಗೊಂಚಲು ಕೊಟ್ಟರು. ಅವನು ಹನ್ನೊಂದು ಅಂತ ರಿಜಿಸ್ಟರಿನಲ್ಲಿ ಬರೆದುಕೊಂಡ. ಉಳಿದ ನಾಲ್ಕು ಬೀಗ ಹುಡುಕಿ ಹುಡುಕಿ ಒಂದು ವಾರ ಮನೆ ಸುತ್ತಿದನಂತೆ.

ಉದ್ಘಾಟನೆಗೆ ನನ್ನನ್ನು ಕರೆದಿದ್ದರು, ಹೋಗಲಿಲ್ಲ. ಎಷ್ಟೋ ದಿನ ಬಿಟ್ಟು ಒಬ್ಬಳೇ ಹೋಗಿ ನೋಡಿ ಬಂದೆ. ಹಿಂದಿನ ಕೋಣೆಯ ಕಿಟಕಿ ಮುಚ್ಚಿ ಸುಣ್ಣ ಬಳಿದಿದ್ದಾರೆ. ಎರಡನೇ ತಿರುಗಣಿಯವರೆಗೆ ಸೌದೆ. ಮೂಲೆಗೆ ಇದ್ದಿಲಿನ ಚೀಲ, ಬಾಗಿಲ ಹಿಂದೆ ಕೊಡಲಿ. ಬಾಗಿಲಿಗೆ ಅಡ್ಡಲಾಗಿ ಹಗ್ಗ. ನಾನು ಹೇಳಿದ್ದರಲ್ಲಿ ಒಂದೂ ಬಿಟ್ಟಿಲ್ಲ. ನೋಡಲು ಬಂದಿದ್ದ ಒಬ್ಬ ಹೆಂಗಸು ಒಳಗೆ ಇಣುಕಿ, "ಇಲ್ಲೇನಿಲ್ಲ, ಬರೀ ಸೌದೆ" ಅಂತ ಗಂಡನಿಗೆ ಹೇಳಿ ಮುಂದೆ ಹೋದಳು.

ಕಸ ಗುಡಿಸುವ ಕೆಲಸಕ್ಕೆ ಅತ್ತಿಗೆ ಹೋಗಲಿಲ್ಲ. ಆ ಬೀದಿಗೇ ಹೋಗುವುದಿಲ್ಲ. ಔಷಧಿ ಅಂಗಡಿಗೂ ಸುತ್ತುಹಾಕಿಕೊಂಡು ಹೋಗುತ್ತಾರೆ. ಮಗ, ಸೊಸೆ, ಮಕ್ಕಳು ಹಿಂದೆ ಕಟ್ಟಿಸಿದ ಕೋಣೆಗಳಲ್ಲಿದ್ದಾರೆ. ಮುಂದಿನದರಲ್ಲಿ ನಾವಿಬ್ಬರು. ಎರಡು ಮಂಚ ಹಾಕಿದ ಮೇಲೆ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ ಉಳಿದಿದೆ. ಜಗಳವಿಲ್ಲ. ಜಗಳಕ್ಕೂ ಶಕ್ತಿ ಬೇಕು. ಅವರಿಗೆ ಎಡಗಿವಿ ಕೇಳಿಸುವುದಿಲ್ಲ, ನನಗೆ ಮಂಡಿ ಮಡಿಸಲಾಗುವುದಿಲ್ಲ. ಒಬ್ಬರ ಮಾತ್ರೆ ಇನ್ನೊಬ್ಬರು ನೆನಪು ಮಾಡುತ್ತ ದಿನ ಸಾಗುತ್ತಿದೆ. ಒಂದು ವರ್ಷ ಆ ಕೋಣೆಯ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಇಬ್ಬರೂ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆವು. ಅವರ ತಟ್ಟೆ ಅವರ ತೊಡೆಯ ಮೇಲೆ, ನನ್ನದು ನನ್ನ ತೊಡೆಯ ಮೇಲೆ. ಅವರು ತಲೆ ಎತ್ತದೆ ಕೇಳಿದರು.

"ಅವತ್ತು ನೀನು ಮೇಡಂಗೆ ಹೇಳೋವಾಗ ನಾನು ಅಲ್ಲೇ ಇದ್ನಲ್ಲ. ನಿನ್ನ ಎದುರಿಗೇ ಕೂತಿದ್ದೆ. ಕಾಣಲಿಲ್ವಾ ನಾನು?"

ಈ ಮಾತು ಯಾವತ್ತೋ ಒಂದು ದಿನ ಬರುತ್ತದೆ ಅಂತ ಗೊತ್ತಿತ್ತು. ಕಂಡಿದ್ರಿ, ಬಾಯಿತಪ್ಪಿ ಬಂತು ಅಂದಿದ್ದರೆ ಅವರಿಗೆ ಹಿತವಾಗುತ್ತಿತ್ತೋ ಏನೋ. ಆದರೆ ಒಂದು ಸಲ ಸುಳ್ಳು ಹೇಳಲು ಹೋಗಿ ಏನಾಯಿತು ಅಂತ ಇಬ್ಬರಿಗೂ ಗೊತ್ತು.

"ಇಲ್ಲ ಅತ್ತಿಗೆ," ಅಂದೆ. "ನಂಗೆ ಸೌದೆ ಕಾಣ್ತಿತ್ತು."

ಅವರು ಎರಡು ಕಲ್ಲು ಆರಿಸಿ ಪಕ್ಕಕ್ಕಿಟ್ಟರು.

"ಕಂಡಿದ್ರೆ?"

"ಕಂಡಿದ್ರೆ ಹೇಳ್ತಿರಲಿಲ್ಲ."

"ಹೂಂ," ಅಂದರು. ತಮ್ಮ ತಟ್ಟೆಯ ಅಕ್ಕಿ ಪೂರ್ತಿ ಆರಿಸಿ ಮುಗಿಸಿದರು. ಆಮೇಲೆ ಅವರು ನನ್ನ ತಟ್ಟೆಗೆ ಕೈ ಹಾಕಿ ತಮ್ಮ ಕಡೆಗೆ ಎಳೆದುಕೊಂಡರು.

"ಕೊಡು ಇಲ್ಲಿ. ಅರ್ಧಕ್ಕರ್ಧ ಕಲ್ಲು ಹಾಗೇ ಬಿಟ್ಟಿದೀಯ."